ಹೆಸರಿಲ್ಲದ ದುಡ್ಡು ಬರುವ ತನಕ

ಹಗರೆ, ಹಳೇಬೀಡು ಕಡೆ ಹಳೆಯ ಕೋವಿ ಮಾರಾಟಕ್ಕಿರುವ ಸುದ್ದಿ ಪೇಪರಿನಲ್ಲಿ ಬರುವುದಿಲ್ಲ. ಮದುವೆ ಮನೆಯ ಊಟದ ಪಂಕ್ತಿಯಲ್ಲೋ, ಸೊಸೈಟಿ ಜಗಲಿಯ ಮೇಲೋ, ಶುಂಠಿ ಮೂಟೆ ಲಾರಿಗೆ ಏರುವ ಹೊತ್ತಿನಲ್ಲೋ ಯಾರಾದರೂ ಪಕ್ಕಕ್ಕೆ ಕರೆದು ಹೇಳುತ್ತಾರೆ: "ಸಕಲೇಶಪುರದ ಕಡೆ ತೋಟದ ಮನೇಲಿ ಒಂದು ರೈಫಲ್ ಐತಂತೆ. ಇಂಗ್ಲೆಂಡಿಂದು. ಸುಮ್ನೆ ಒಂದ್ಸಲ ನೋಡ್ಕೊಂಡ್ ಬನ್ನಿ." ನೋಡುವುದಕ್ಕೆ ದುಡ್ಡೇನೂ ಕೊಡಬೇಕಿಲ್ಲವಲ್ಲ ಎಂದು ಹೋಗುತ್ತೇವೆ. ಬಂದ ಮೇಲೆ ಶುರುವಾಗುತ್ತದೆ ಲೆಕ್ಕ. ಯಾವ ಚೀಟಿ ಎತ್ತಿದರೆ ಎಷ್ಟು ಬರುತ್ತದೆ, ಯಾವ ಸಾಲ ಒಂದು ವರ್ಷ ಮುಂದಕ್ಕೆ ಹೋದರೂ ನಡೆಯುತ್ತದೆ, ಮಗಳ ಫೀಸಿನ ಎರಡನೇ ಕಂತು ಯಾವಾಗ. ಈ ಆಸೆ ಹತ್ತಿದವರು ನಮ್ಮ ಸೀಮೆಯಲ್ಲಿ ಕಡಿಮೆಯಿಲ್ಲ. ಅವರು ಲೆಕ್ಕ ಹಾಕುವಾಗ ಬಿಟ್ಟುಬಿಡುವ ಕೆಲವು ಬಾಬತ್ತುಗಳನ್ನು ಇಲ್ಲಿ ಬರೆಯುತ್ತೇನೆ. ಈ ಆಸೆ ನನ್ನದೂ ಹೌದು.

ನಾನು ನೋಡಿದ್ದು ಬರ್ಮಿಂಗ್‌ಹ್ಯಾಮಿನ ಬಿಎಸ್‌ಎ ಕಂಪನಿ ತಯಾರಿಸಿದ ಪಾಯಿಂಟ್ 315 ರೈಫಲ್. ಮನೆಯ ಯಜಮಾನರು ಹಳೆಯ ಕಂಬಳಿ ಬಿಚ್ಚಿ ಊಟದ ಮೇಜಿನ ಮೇಲೆ ಇಟ್ಟರು. ಬಟ್ಟಿನ ವಾಲ್‌ನಟ್ ಮರ ಎಪ್ಪತ್ತೆಂಬತ್ತು ವರ್ಷದ ಕೈಬೆವರು, ಎಣ್ಣೆ ಕುಡಿದು ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿತ್ತು. ಹಿಡಿಯ ಮೇಲೆ ಕೆತ್ತಿದ ಸಣ್ಣ ಚೌಕುಳಿಗಳು ಹೆಬ್ಬೆರಳು ಕೂರುವ ಜಾಗದಲ್ಲಿ ಮಾತ್ರ ಸವೆದಿದ್ದವು. ನಳಿಗೆಯ ಬುಡದಲ್ಲಿ ಬರ್ಮಿಂಗ್‌ಹ್ಯಾಮ್ ಪ್ರೂಫ್ ಹೌಸಿನ ಕಿರೀಟದ ಮುದ್ರೆ, ಅಕ್ಕಿಕಾಳಿನಷ್ಟು ಚಿಕ್ಕದು, ಇನ್ನೂ ಸ್ಪಷ್ಟ. ಬೋಲ್ಟ್ ಎತ್ತಿ ಹಿಂದಕ್ಕೆ ಎಳೆದಾಗ ಎಲ್ಲೂ ತಡೆಯಲಿಲ್ಲ. ನಳಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರೆ ಒಳಗಿನ ಸುರುಳಿ ಗೆರೆಗಳು ಅರ್ಧದ ತನಕ ಹೊಳೆಯುತ್ತಿದ್ದವು. ಅಲ್ಲಿಂದಾಚೆ ಮಬ್ಬು, ತುದಿಯ ಹತ್ತಿರ ತುಕ್ಕು ತಿಂದ ಸಣ್ಣ ಕುಳಿಗಳು. ಹಳೆಯ ಕಾಲದ ತೋಟಾಗಳ ಕೇಪಿನಲ್ಲಿದ್ದ ರಾಸಾಯನಿಕ ಈಡಾದ ಮೇಲೆ ಉಪ್ಪಾಗಿ ಉಳಿಯುತ್ತದೆ. ಮಲೆನಾಡಿನ ತೇವ ಆ ಉಪ್ಪಿಗೆ ಸೇರಿದರೆ ಕಬ್ಬಿಣ ಉಳಿಯುವುದಿಲ್ಲ. ಈಡು ಹೊಡೆದ ದಿನವೇ ಬಿಸಿನೀರು ಹಾಕಿ ತೊಳೆದು ಎಣ್ಣೆ ಹಾಕದ ಒಂದೆರಡು ಮಳೆಗಾಲ ಸಾಕು. ಆ ಕುಳಿಗಳನ್ನು ನೋಡಿಯೂ ನನ್ನ ಆಸೆ ಕಡಿಮೆಯಾಗಲಿಲ್ಲ ಎಂಬುದನ್ನು ಹೇಳಲೇಬೇಕು.

ಈ ಪಾಯಿಂಟ್ 315 ಎಂಬ ಅಳತೆಗೇ ಒಂದು ಕತೆಯಿದೆ. ಬ್ರಿಟಿಷ್ ಸರ್ಕಾರಕ್ಕೆ ತನ್ನ ಸೈನ್ಯದ ಪಾಯಿಂಟ್ 303 ತೋಟಾ ಇಲ್ಲಿನ ಜನರ ಕೈಗೆ ಸಿಗಬಾರದಿತ್ತು. ಹಾಗಾಗಿ ಆಸ್ಟ್ರಿಯಾದ ಮಾನ್‌ಲಿಕರ್ ತೋಟಾದ ಅಳತೆಯನ್ನು ಲೀ-ಎನ್‌ಫೀಲ್ಡ್ ಮಾದರಿಯ ರೈಫಲ್ಲಿಗೆ ಕೂರಿಸಿ ಭಾರತದ ಖಾಸಗಿ ಪೇಟೆಗೆ ಬಿಟ್ಟರು. ಸ್ವಾತಂತ್ರ್ಯ ಬಂದ ಮೇಲೆ ನಮ್ಮ ಆರ್ಡ್‌ನೆನ್ಸ್ ಫ್ಯಾಕ್ಟರಿಯೂ ಅದೇ ಅಳತೆಯನ್ನು ಮುಂದುವರಿಸಿತು. ಪಾಯಿಂಟ್ 303 ಇವತ್ತಿಗೂ ನಿಷೇಧಿತ ಬೋರು, ಪಾಯಿಂಟ್ 315 ಅಲ್ಲ. ಅದಕ್ಕೇ ಈ ರೈಫಲ್ಲಿಗೆ ಬೇಡಿಕೆ ಜಾಸ್ತಿ. ಹಳೆಯದು, ಇಂಗ್ಲೆಂಡಿನದು, ತೋಟಾ ಈಗಲೂ ಸಿಗುತ್ತದೆ. ಮಾರುವವರು ಈ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾರೆ.

ಆಸೆ ಎಲ್ಲಿಂದ ಬಂತು ಎಂದು ಕೇಳಿದರೆ ನಮ್ಮಲ್ಲಿ ಬಹಳ ಜನ ಪೂರ್ಣಚಂದ್ರ ತೇಜಸ್ವಿಯವರ ಹೆಸರು ಹೇಳಬೇಕಾಗುತ್ತದೆ. ಕೆನೆತ್ ಆಂಡರ್ಸನ್ನನ ಬೇಟೆಯ ಅನುಭವಗಳನ್ನು ಅವರು 'ಕಾಡಿನ ಕತೆಗಳು' ಎಂದು ಕನ್ನಡಕ್ಕೆ ತಂದಾಗ ಆಂಡರ್ಸನ್ನನ ಪಾಯಿಂಟ್ 405 ವಿಂಚೆಸ್ಟರ್ ಹೈಸ್ಕೂಲ್ ಹುಡುಗರಿಗೆಲ್ಲ ಬಾಯಿಪಾಠವಾಯಿತು. ಅದಕ್ಕೂ ಹಿಂದೆ ಹೋದರೆ ಮಂಜರಾಬಾದಿನಲ್ಲಿ ಕಾಫಿ ತೋಟ ಮಾಡಿದ ರಾಬರ್ಟ್ ಹೆನ್ರಿ ಎಲಿಯಟ್ ಇದ್ದಾನೆ. ಮೈಸೂರು ಸೀಮೆಯ ಚಿನ್ನ, ಬೇಟೆ, ಕಾಫಿ ಕೃಷಿಯ ಬಗ್ಗೆ 1894ರಲ್ಲಿ ಅವನು ಬರೆದ ಪುಸ್ತಕದ ಹೆಸರಿನಲ್ಲೇ ಆ ಮೂರೂ ಇವೆ. ತೋಟದ ದೊರೆಗಳಿಗೆ ಬೇಟೆ ಕಾಫಿಯಷ್ಟೇ ಮುಖ್ಯವಾಗಿತ್ತು. ಅವರ ತೋಟಗಳು ನಮ್ಮವರ ಕೈಗೆ ಬಂದಾಗ ಗೋಡೆಯ ಮೇಲಿನ ಕೋಡುಗಳ ಜೊತೆ ಕೋವಿಯ ಗೌರವವೂ ಬಂತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಲ್ಲಿಸಿತು, ಸರಿಯಾಗಿಯೇ ನಿಲ್ಲಿಸಿತು. ಕೋವಿಯ ಮೇಲಿನ ಮೋಹ ಮಾತ್ರ ಉಳಿಯಿತು.

ಹೀಗಿರುವಾಗ ಯಜಮಾನರು ಎರಡು ಲಕ್ಷ ಹೇಳಿದರು. ಚೌಕಾಸಿ ಮಾಡದೆಯೇ ಒಂದು ಎಂಬತ್ತಕ್ಕೆ ಇಳಿದರು. ಮಗ ಬೆಂಗಳೂರಿನ ಫ್ಲಾಟಿನಲ್ಲಿದ್ದಾನೆ, ಅವನಿಗೆ ಬೇಡ. "ನಿಮ್ಮಂಥೋರ ಕೈಗೆ ಹೋದ್ರೆ ನಂಗೂ ಸಮಾಧಾನ" ಎಂದರು. ಆ ಮಾತಿಗೆ ಇರುವ ಸೆಳೆತ ಬೆಲೆ ಇಳಿಸಿದ್ದಕ್ಕೂ ಇರಲಿಲ್ಲ.

ಮನೆಗೆ ಬರುವ ದಾರಿಯಲ್ಲೇ ಮನಸ್ಸು ಒಂದು ವಾದ ಹೂಡುತ್ತದೆ. ಇದು ಖರ್ಚಲ್ಲ, ಆಸ್ತಿ. ಇವತ್ತು ತಗೊಂಡರೆ ನಾಳೆ ಅದಕ್ಕಿಂತ ಜಾಸ್ತಿಗೆ ಹೋಗುತ್ತದೆ. ಕಷ್ಟ ಬಂದರೆ ಮಾರಿದರಾಯಿತು. ಕೇಳುವುದಕ್ಕೆ ಸರಿಯಾಗಿಯೇ ಇದೆ. ಆದರೆ ಕೋವಿಯ ವಿಷಯದಲ್ಲಿ ಈ ವಾದ ನಿಲ್ಲುವುದಿಲ್ಲ. ಯಾಕೆಂದು ತಿಳಿಯಲು 1959ರ ಆಯುಧ ಕಾಯ್ದೆಯನ್ನು ಸ್ವಲ್ಪ ಬಿಡಿಸಿ ನೋಡಬೇಕು.

ಮನೆಯಲ್ಲಿ ಎರಡು ಎಳೆ ಸರ ಇದ್ದರೆ ರಾತ್ರಿ ಆಸ್ಪತ್ರೆಗೆ ಸೇರಿಸಿ ಬೆಳಿಗ್ಗೆ ಬ್ಯಾಂಕಿಗೆ ಹೋದರೆ ಮಧ್ಯಾಹ್ನದೊಳಗೆ ಕೈಗೆ ದುಡ್ಡು ಬರುತ್ತದೆ. ಕೋವಿಯನ್ನು ಯಾವ ಬ್ಯಾಂಕೂ ಅಡವಿಟ್ಟುಕೊಳ್ಳುವುದಿಲ್ಲ. ಲೈಸೆನ್ಸ್ ಇಲ್ಲದ ನೆಂಟನ ಹತ್ತಿರ ಇಟ್ಟು ಕೈಸಾಲ ತಂದರೆ ಕೊಟ್ಟವನೂ ಇಟ್ಟುಕೊಂಡವನೂ ಅಪರಾಧಿಗಳು. ಮಾರುವುದಾದರೂ ಕೊಳ್ಳುವವನ ಲೈಸೆನ್ಸಿನಲ್ಲಿ ಆ ಬಗೆಯ ಆಯುಧಕ್ಕೆ ಅನುಮತಿ ಇರಬೇಕು, ಜಾಗವೂ ಖಾಲಿ ಇರಬೇಕು. ಖಾಸಗಿಯಾಗಿ ಮಾರುವವನು ಯಾರಿಗೆ ಮಾರುತ್ತಿದ್ದೇನೆ ಎಂದು ಹೆಸರು ವಿಳಾಸ ಸಮೇತ ಜಿಲ್ಲಾ ದಂಡಾಧಿಕಾರಿಗೋ ಹತ್ತಿರದ ಠಾಣೆಗೋ ಬರೆದು ಕೊಡಬೇಕು. ಕೊಟ್ಟ ಮೇಲೆ ಕನಿಷ್ಠ 45 ದಿನ ಕಾಯಬೇಕು. ಅಮ್ಮನಿಗೆ ಎದೆನೋವು ಬಂದ ರಾತ್ರಿ ಈ 45 ದಿನ ಎಲ್ಲಿಂದ ತರುವುದು?

ಇನ್ನೊಂದು ಬಾಬತ್ತು. ಮೊದಲು ಒಬ್ಬರ ಹೆಸರಿನಲ್ಲಿ 3 ಬಂದೂಕು ಇಟ್ಟುಕೊಳ್ಳಬಹುದಿತ್ತು. 2019ರ ತಿದ್ದುಪಡಿ ಅದನ್ನು 2ಕ್ಕೆ ಇಳಿಸಿತು. ಪಿತ್ರಾರ್ಜಿತವಾಗಿ ಬಂದದ್ದಕ್ಕೂ ಅದೇ ಮಿತಿ. ಕೊಳ್ಳುವವರ ಸಂಖ್ಯೆ ಹೀಗೆ ಕಾನೂನಿನಿಂದಲೇ ಕಿರಿದಾಗಿದೆ. ಹತ್ತು ಜನ ರೈಫಲ್ ಹೊಗಳುತ್ತಾರೆ. ಅವರಲ್ಲಿ ಕೊಳ್ಳುವ ಅರ್ಹತೆ ಇರುವವರು ಒಬ್ಬರೋ ಇಬ್ಬರೋ, ಅವರ ಕೈಯಲ್ಲಿ ಆ ಹೊತ್ತಿಗೆ ದುಡ್ಡಿರುತ್ತದೆ ಎಂಬ ಖಾತ್ರಿಯೂ ಇಲ್ಲ. ಅವಸರಕ್ಕೆ ಮಾರಲು ಹೊರಟವನು ಅವರು ಕೇಳಿದ ರೇಟಿಗೇ ಕೊಡಬೇಕಾಗುತ್ತದೆ. ನನಗೆ ಒಂದು ಎಂಬತ್ತಕ್ಕೆ ಇಳಿದ ಯಜಮಾನರ ಸ್ಥಿತಿಯೂ ಅದೇ ತಾನೆ? ನಾನು ಕೊಂಡ ಮರುದಿನದಿಂದ ಅವರ ಜಾಗದಲ್ಲಿ ನಾನಿರುತ್ತೇನೆ.

'ಮತ್ತೆ ಸಿಗೋದಿಲ್ಲ' ಎಂಬ ಮಾತು ಇದಕ್ಕಿಂತ ಬಲವಾದದ್ದು. ಅದರಲ್ಲಿ ಸತ್ಯದ ಅಂಶವೂ ಇದೆ. 1980ರ ದಶಕದ ಮಧ್ಯದಿಂದ ಸಾಮಾನ್ಯ ಜನ ಹೊರದೇಶದ ಬಂದೂಕು ತರಿಸಿಕೊಳ್ಳುವ ದಾರಿ ಹೆಚ್ಚುಕಡಿಮೆ ಮುಚ್ಚಿದೆ. ಅದಕ್ಕೂ ಮೊದಲು ಬಂದ ವೆಬ್ಲಿ ಸ್ಕಾಟ್, ಗ್ರೀನರ್, ಬಿಎಸ್‌ಎ ಕೋವಿಗಳು ಎಷ್ಟಿವೆಯೋ ಅಷ್ಟೇ. ಅದಕ್ಕೇ ಹೊರಗೆ ಸಾಧಾರಣ ಬೆಲೆಗೆ ಸಿಗುವ ಬಂದೂಕಿಗೂ ಇಲ್ಲಿ ಹಲವು ಪಟ್ಟು ಬೆಲೆ. ಆದರೆ ಅವು ಈಗ ಯಾರ ಮನೆಯಲ್ಲಿವೆ? ಹೆಚ್ಚಿನವು ವಯಸ್ಸಾದವರ ಮನೆಯಲ್ಲಿ. ಅವರ ಮಕ್ಕಳು ಬೆಂಗಳೂರಿನಲ್ಲೋ ಇನ್ನೂ ದೂರದಲ್ಲೋ ಇದ್ದಾರೆ, ಲೈಸೆನ್ಸ್ ನವೀಕರಣಕ್ಕೆ ಹಾಸನಕ್ಕೆ ಅಲೆಯುವ ಮನಸ್ಸು ಅವರಿಗಿಲ್ಲ. ಎರಡರ ಮಿತಿ ಬಂದ ಮೇಲೆ ಮೂರನೆಯದನ್ನು ಬಿಡಬೇಕಾದವರು ಬೇರೆ. ನನ್ನ ಅಂದಾಜಿನಲ್ಲಿ ಇನ್ನು ಹತ್ತು ಹದಿನೈದು ವರ್ಷ ಇಂಥ ಕೋವಿಗಳು ಕಂಬಳಿಯಿಂದ ಹೊರಗೆ ಬರುತ್ತಲೇ ಇರುತ್ತವೆ. ಕಾದವನಿಗೆ ನಷ್ಟವಿಲ್ಲ.

ಸಂಗ್ರಹದ ಬೆಲೆ ಎಂದು ಮಾರುವವರು ಹೇಳುವುದರಲ್ಲೂ ಒಂದು ಸೂಕ್ಷ್ಮವಿದೆ. ಜಿಮ್ ಕಾರ್ಬೆಟ್ಟನ ಪಾಯಿಂಟ್ 275 ರಿಗ್ಬಿ ರೈಫಲ್ಲಿಗೆ ಇಡೀ ಜಗತ್ತಿನಲ್ಲಿ ಹೆಸರಿದೆ. ಚಂಪಾವತಿನ ನರಭಕ್ಷಕ ಹೆಣ್ಣುಹುಲಿಯನ್ನು ಕೊಂದದ್ದಕ್ಕೆ 1907ರಲ್ಲಿ ಅವನಿಗೆ ಕೊಟ್ಟ ಉಡುಗೊರೆ ಅದು. ಹಾಗೆಂದು ಬೆಳ್ಳಿಯ ತಗಡಿನ ಮೇಲೆ ಬರೆದು ಬಟ್ಟಿಗೆ ಕೂರಿಸಿದ್ದಾರೆ. ಅದರ ಬೆಲೆ ಇರುವುದು ಆ ಬರಹದಲ್ಲಿ, ಅದರ ಹಿಂದಿನ ದಾಖಲೆಯಲ್ಲಿ. ನಮ್ಮ ಕಡೆ "ಇದು ಯಾರೋ ದೊರೆ ಹುಲಿ ಹೊಡೆದದ್ದು" ಎಂದು ಹೇಳುವವರು ಒಂದು ರಸೀದಿ, ಒಂದು ಹಳೆಯ ಲೈಸೆನ್ಸ್ ಪುಸ್ತಕ, ಒಂದು ಪತ್ರ ತೋರಿಸಿದ್ದನ್ನು ನಾನು ಕಂಡಿಲ್ಲ. ದಾಖಲೆಯಿಲ್ಲದ ಕತೆಗೆ ಹೆಚ್ಚಿನ ದುಡ್ಡು ಕೊಡುವುದು ಬೇಡ. ಹಾಗೆಯೇ ಪುರಾತನ ವಸ್ತುವಿಗೆ ಲೈಸೆನ್ಸೇ ಬೇಡ ಎಂದು ಕೆಲವರು ಧೈರ್ಯ ತುಂಬುತ್ತಾರೆ. ಕಾಯ್ದೆಯ 45ನೇ ಕಲಮಿನಲ್ಲಿ ವಿನಾಯಿತಿ ಇರುವುದು ನಿಜ. ಆದರೆ ಅದು ರಿಪೇರಿ ಮಾಡಿದರೂ ಮಾಡದಿದ್ದರೂ ಬಂದೂಕಾಗಿ ಬಳಸಲಾಗದ ಆಯುಧಕ್ಕೆ ಮಾತ್ರ. ಬೋಲ್ಟ್ ಸಲೀಸಾಗಿ ಓಡಾಡುವ ಬಿಎಸ್‌ಎಗೆ ಆ ಮಾತು ಅನ್ವಯಿಸುವುದಿಲ್ಲ.

ಬೆಳೆಗೆ ಬೇಕು ಎನ್ನುವವರಿದ್ದಾರೆ. ಹಂದಿ ಜೋಳದ ಹೊಲಕ್ಕೆ ನುಗ್ಗುತ್ತದೆ, ಆನೆ ಬಿಕ್ಕೋಡು, ಅರೇಹಳ್ಳಿ ಕಡೆಯ ತೋಟಗಳಲ್ಲಿ ಓಡಾಡುತ್ತದೆ, ಸುಳ್ಳಲ್ಲ. ಆದರೆ ಕಾಯ್ದೆ ಬೆಳೆ ರಕ್ಷಣೆಗೆಂದು ಹೆಸರಿಸಿರುವುದು ಮದ್ದು ತುಂಬುವ ನಾಡ ಕೋವಿಯನ್ನು. ಆತ್ಮರಕ್ಷಣೆ ಮತ್ತು ಕ್ರೀಡೆಗೆ ಒಳಗೆ ಗೆರೆಯಿಲ್ಲದ ನಳಿಗೆಯ ತೋಟಾ ಕೋವಿಯನ್ನು. ರೈಫಲ್ ಈ ಎರಡರಲ್ಲೂ ಬರುವುದಿಲ್ಲ. ಅದಕ್ಕೆ ಬೇರೆಯೇ ಸಕಾರಣವನ್ನು ಜಿಲ್ಲಾಧಿಕಾರಿ ಕಚೇರಿಗೆ ಒಪ್ಪಿಸಬೇಕು, ಪೊಲೀಸ್ ವರದಿ ಬರಬೇಕು. ನನ್ನ ಹತ್ತಿರ ಅಪ್ಪನ ಒಂಟಿ ನಳಿಗೆ ಕೋವಿ ಇದೆ. ಹಂದಿ ಓಡಿಸುವ ಸದ್ದಿಗೆ ಅದು ಸಾಕು. ಆನೆಯ ಎದುರು ಯಾವ ಕೋವಿಯೂ ನಮ್ಮ ಕೈಯಲ್ಲಿ ಇರಬಾರದು, ಅದು ಅರಣ್ಯ ಇಲಾಖೆಯ ಕೆಲಸ. ಜೊತೆಗೆ ಚುನಾವಣೆ ಬಂದರೆ ಕೋವಿಯನ್ನು ಠಾಣೆಗೆ ಒಪ್ಪಿಸಿ ಎಂದು ನೋಟಿಸ್ ಬರುತ್ತದೆ. 2023ರ ಮೇ ತಿಂಗಳ ವಿಧಾನಸಭೆ ಚುನಾವಣೆ, 2024ರ ಏಪ್ರಿಲ್ 26ರ ಲೋಕಸಭಾ ಮತದಾನ, ಎರಡೂ ಸಲ ಮಲೆನಾಡಿನ ರೈತರು ಹಂದಿ ಕಾಟದ ಬಗ್ಗೆ ಗೋಳಾಡಿದ್ದು ಇದಕ್ಕೇ. ಎರಡು ಲಕ್ಷದ ರೈಫಲ್ ಕೊಂಡು ಅದು ಠಾಣೆಯ ಕೋಣೆಯಲ್ಲಿ ಉಳಿದವುಗಳ ಜೊತೆ ಒರಗಿ ನಿಂತರೆ ಅದರ ಬಟ್ಟಿನ ಮರಕ್ಕೆ ಗೀರು ಬೀಳದಂತೆ ನೋಡಿಕೊಳ್ಳುವವರು ಯಾರು?

ಇಷ್ಟೆಲ್ಲ ವಾದಗಳನ್ನು ನಾನು ಮನಸ್ಸಿನೊಳಗೇ ನಡೆಸುತ್ತಿದ್ದಾಗ ಮನೆಯಲ್ಲಿ ವಿಷಯ ಹೇಳಿದೆ. ಹೆಂಡತಿ ಬೇಡ ಎನ್ನಲಿಲ್ಲ. ಹುರುಳಿ ಆರಿಸುತ್ತಿದ್ದವಳು ಕೈ ನಿಲ್ಲಿಸದೆ ಕೇಳಿದಳು: "ತಗೊಳ್ಳಿ. ಆದ್ರೆ ರೀ, ಯಾವ ದುಡ್ಡಲ್ಲಿ?"

ಸಂಬಳದ ಮನೆಯವರಿಗೆ ಈ ಪ್ರಶ್ನೆಯ ಆಳ ಪೂರ್ತಿ ತಿಳಿಯಲಿಕ್ಕಿಲ್ಲ. ಬೇಸಾಯದ ಮನೆಯಲ್ಲಿ ದುಡ್ಡು ಬರುವುದಕ್ಕೆ ಮೊದಲೇ ಅದಕ್ಕೆ ಹೆಸರಿಟ್ಟಾಗಿರುತ್ತದೆ. ಇದು ಗೆಡ್ಡೆ ದುಡ್ಡು, ಇದು ಗೊಬ್ಬರದ್ದು, ಇದು ಸೊಸೈಟಿಗೆ ಕಟ್ಟುವುದು, ಇದು ಮಗಳ ಹಾಸ್ಟೆಲಿನದು. ಮೇ ತಿಂಗಳಲ್ಲಿ ಜಲಂಧರಿನ ಬಿತ್ತನೆ ಆಲೂಗೆಡ್ಡೆ ಹಾಸನದ ಎಪಿಎಂಸಿಗೆ ಬಂದಾಗ ಅಂಗಡಿಯವನು ನಾಳೆ ಕೊಡಿ ಎನ್ನುವುದಿಲ್ಲ. ಮಳೆಯೂ ಕಾಯುವುದಿಲ್ಲ. ಅದೇ ಹೊತ್ತಿಗೆ ಪಿಯುಸಿ ಮುಗಿಸಿದ ಮಕ್ಕಳ ಕಾಲೇಜು ಸೀಟಿನ ದುಡ್ಡು. ಬಿತ್ತಿದ ಗೆಡ್ಡೆಗೆ ಅಂಗಮಾರಿ ಬಂದರೆ ಔಷಧಿ ಖರ್ಚು ದುಪ್ಪಟ್ಟು. ಶುಂಠಿಯ ಕತೆ ಇನ್ನೂ ವಿಪರೀತ. 2023ರಲ್ಲಿ ಶುಂಠಿ ರೇಟು ಹೋದ ಎತ್ತರ ನೋಡಿ ಗದ್ದೆ ಗುತ್ತಿಗೆಗೆ ಹಿಡಿದವರು ಮುಂದಿನ ವರ್ಷಗಳಲ್ಲಿ ಮೂಟೆಗೆ ಸಿಕ್ಕಿದ್ದನ್ನು ನೋಡಿ ತಲೆಮೇಲೆ ಕೈ ಇಟ್ಟು ಕೂತರು. ಒಳ್ಳೆಯ ರೇಟು ಸಿಕ್ಕ ವರ್ಷ ಕೈಯಲ್ಲಿ ಉಳಿಯುವ ದುಡ್ಡು ನಿಜವಾಗಿ ಕೆಟ್ಟ ವರ್ಷದ್ದು, ಅದು ಸ್ವಲ್ಪ ಮುಂಚೆ ಬಂದು ಕೂತಿರುತ್ತದೆ ಅಷ್ಟೆ. ಸಹಕಾರ ಸಂಘದ ಶೂನ್ಯ ಬಡ್ಡಿಯ ಬೆಳೆಸಾಲ 2023-24ರಿಂದ 5 ಲಕ್ಷದ ತನಕ ಏರಿದೆ. ಆ ದುಡ್ಡು ಅಕೌಂಟಿಗೆ ಬಿದ್ದ ವಾರವೇ ಕೋವಿ, ಬುಲೆಟ್ ಬೈಕು, ಹಳೆಯ ಜೀಪು ಎಲ್ಲವೂ ನೆನಪಾಗುತ್ತವೆ. ಅದು ವಾಯಿದೆಯೊಳಗೆ ಕಟ್ಟಿದರೆ ಮಾತ್ರ ಶೂನ್ಯ ಬಡ್ಡಿ. ವಾಯಿದೆ ತಪ್ಪಿದ ಮೇಲೆ ಬಡ್ಡಿ ಕಟ್ಟಲೇಬೇಕು.

ನಾವಿಬ್ಬರೂ ಆ ರಾತ್ರಿ ಪೆನ್ನು ಹಿಡಿದು ಕೂತೆವು. ಬರೆದದ್ದು ದೊಡ್ಡ ಬಜೆಟ್ಟೇನಲ್ಲ. ಮುಂದಿನ ಹನ್ನೆರಡು ತಿಂಗಳಲ್ಲಿ ತಾರೀಕು ಇರುವ ಖರ್ಚು ಯಾವುದು, ತಾರೀಕು ಇಲ್ಲದ್ದು ಯಾವುದು ಎಂದಷ್ಟೇ. ಫೀಸಿಗೆ ತಾರೀಕಿದೆ. ಬೆಳೆಸಾಲಕ್ಕಿದೆ. ಅಮ್ಮನ ಕಣ್ಣಿನ ಆಪರೇಷನ್ನಿಗೆ ಡಾಕ್ಟರು ಮಳೆಗಾಲ ಕಳೆಯಲಿ ಎಂದಿದ್ದಾರೆ, ಅಂದರೆ ಅದಕ್ಕೂ ಇದೆ. ಯಶಸ್ವಿನಿ ಆರೋಗ್ಯ ಯೋಜನೆಗೆ ಹಳ್ಳಿಯ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ನೋಂದಣಿಗೆ ಕೊನೆಯ ದಿನ ಇರುತ್ತದೆ. ಆ 500ನ್ನು ಮರೆತು ಲಕ್ಷ ಕಳೆದುಕೊಂಡ ಮನೆಗಳು ನನಗೆ ಗೊತ್ತು. ಹಿತ್ತಿಲ ಕಡೆಯ ಹೆಂಚು ಬದಲಿಸುವುದು ಜೂನ್ ಒಳಗೆ ಆಗಬೇಕು. ರೈಫಲ್ಲಿಗೆ ಮಾತ್ರ ತಾರೀಕಿರಲಿಲ್ಲ. ಇಷ್ಟು ವರ್ಷ ಕಂಬಳಿಯಲ್ಲಿದ್ದದ್ದು ಇನ್ನೂ ಹತ್ತು ವರ್ಷ ಇದ್ದೀತು.

ಹಾಗೆ ಬರೆದು ನೋಡಿದಾಗ ಒಂದು ಅಂಶ ಗೊತ್ತಾಯಿತು. ನಾನು ರೈಫಲ್ಲಿಗೆ ಎತ್ತಿಡಬೇಕೆಂದಿದ್ದ ದುಡ್ಡು ಯಾವುದೂ ನನ್ನೊಬ್ಬನದಲ್ಲ. ಚೀಟಿಗೆ ತಿಂಗಳ ಕಂತು ಹೊಂದಿಸಿದವಳು ಹಾಲಿನ ದುಡ್ಡು ಉಳಿಸಿದ ಹೆಂಡತಿ. ಕಾಯಿ ಮಾರಿದ ದುಡ್ಡಿನಲ್ಲಿ ಅಮ್ಮನ ಪಾಲಿದೆ. ಮಗಳು ಊರಿಗೆ ಬಂದಾಗ ಬಸ್ಸಿನಲ್ಲೇ ಬರುತ್ತಾಳೆ, ಒಂದು ಜೊತೆ ಚಪ್ಪಲಿ ಕೇಳುವುದಕ್ಕೂ ಹಿಂದೆ ಮುಂದೆ ನೋಡುತ್ತಾಳೆ. ಇವರ ಎದುರು ಎರಡು ಲಕ್ಷದ ರೈಫಲ್ ಗೋಡೆಗೆ ಏರಿದರೆ ಅದರ ಕಡೆ ಮನೆಯವರು ಯಾವ ಕಣ್ಣಿನಿಂದ ನೋಡಿಯಾರು? ಸಂಗ್ರಹಕ್ಕೆಂದು ತಂದ ವಸ್ತು ಮನೆಯವರೆಲ್ಲರ ಹೆಮ್ಮೆಯಾಗಬೇಕು. ಇಲ್ಲದಿದ್ದರೆ ಯಜಮಾನನೂ ಅದನ್ನು ನೆಮ್ಮದಿಯಿಂದ ಒರೆಸಲಾರ.

ಕೊಡಗಿನಲ್ಲಿ ಇದನ್ನು ಚೆನ್ನಾಗಿ ನೋಡಬಹುದು. ಅಲ್ಲಿ ಕೊಡವರಿಗೆ, ಜಮ್ಮಾ ಎಂಬ ವಂಶಪಾರಂಪರ್ಯದ ಜಮೀನಿನ ಹಿಡುವಳಿದಾರರಿಗೆ ಲೈಸೆನ್ಸಿನಿಂದ ವಿನಾಯಿತಿ ಬ್ರಿಟಿಷರ ಕಾಲದಿಂದ ಬಂದಿದೆ. ಅದನ್ನು ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2021ರ ಸೆಪ್ಟೆಂಬರಿನಲ್ಲಿ ತಳ್ಳಿಹಾಕಿ ವಿನಾಯಿತಿಯನ್ನು ಎತ್ತಿಹಿಡಿಯಿತು. ಸೆಪ್ಟೆಂಬರಿನ ಕೈಲ್‌ಪೋಳ್ದ್ ಹಬ್ಬದ ದಿನ ಕೋವಿಗಳನ್ನು ಒರೆಸಿ, ಸಾಲಾಗಿ ಇಟ್ಟು, ನಳಿಗೆಯ ಬಾಯಿಗೆ ಕೆಂಪು ಹಳದಿಯ ತೋಕ್ ಪೂ ಎಂಬ ಹೂವು ಸಿಕ್ಕಿಸಿ ಪೂಜೆ ಮಾಡುತ್ತಾರೆ. ಗಂಡುಮಗು ಹುಟ್ಟಿದರೆ ಒಂದು ಈಡು, ಸಾವಾದರೆ ಎರಡು. ಆ ಕೋವಿ ಒಬ್ಬನ ಶೋಕಿಯಲ್ಲ, ಇಡೀ ಮನೆತನದ್ದು. ಬಹಳಷ್ಟು ಮನೆಗಳಲ್ಲಿ ಅದು ಸಾಧಾರಣ ಕೋವಿಯೇ. ಅದರ ಮೇಲೆ ಯಾವ ಬರ್ಮಿಂಗ್‌ಹ್ಯಾಮ್ ಮುದ್ರೆಯೂ ಇರಬೇಕಿಲ್ಲ. ಅಪ್ಪನ ಒಂಟಿ ನಳಿಗೆಯನ್ನು ನಾನು ಆ ಮೇಲೆ ಇಳಿಸಿ, ಎಣ್ಣೆ ಹಾಕಿ, ಸಡಿಲಾಗಿದ್ದ ಬೆಲ್ಟಿನ ಕೊಂಡಿ ಸರಿಮಾಡಿಸಿದೆ. ಗುರಿ ಹೊಡೆಯುವ ಖುಷಿಯೇ ಬೇಕಾದರೆ ಜಿಲ್ಲಾ ಪೊಲೀಸರು ಆಗಾಗ ನಾಗರಿಕ ಬಂದೂಕು ತರಬೇತಿ ಶಿಬಿರ ನಡೆಸುತ್ತಾರೆ, ಅಲ್ಲಿ ಶಿಸ್ತಾಗಿ ಕಲಿಯಬಹುದು. ಲೈಸೆನ್ಸಿನ ಕೆಲಸಕ್ಕೂ ಸುರಕ್ಷತಾ ತರಬೇತಿ ಹೇಗೂ ಬೇಕು.

ಮುಂದೊಂದು ದಿನ ಕೊಳ್ಳುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಮಗಳ ಓದು ಮುಗಿದು, ಸಾಲ ತೀರಿ, ಎರಡು ಬೆಳೆ ಕೈಕೊಟ್ಟರೂ ಮನೆ ನಡೆಯುವಷ್ಟು ಬ್ಯಾಂಕಿನಲ್ಲಿದ್ದು, ಅದರ ಮೇಲೆ ಹೆಸರಿಲ್ಲದ ದುಡ್ಡು ಒಂದಿಷ್ಟು ಉಳಿದರೆ ಅವತ್ತು ಮೊದಲು ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ ಹಾಕುತ್ತೇನೆ. ರೈಫಲ್ ನೋಡಲು ಹೋಗುವುದು ಅನುಮತಿ ಕೈಗೆ ಬಂದ ಮೇಲೆ. ನಮ್ಮಲ್ಲಿ ಬಹಳ ಜನ ತಿರುವುಮುರುವು ಮಾಡಿ ಮುಂಗಡ ಕೊಟ್ಟುಬಿಟ್ಟು, ಆಮೇಲೆ ಲೈಸೆನ್ಸಿಗೆ ಓಡಾಡಿ, ಅದು ಸಿಗದೆ ಮುಂಗಡವನ್ನೂ ಕಳೆದುಕೊಳ್ಳುತ್ತಾರೆ.

ಯಜಮಾನರಿಗೆ ಫೋನ್ ಮಾಡಿ ಆಗುವುದಿಲ್ಲ ಎಂದು ಹೇಳಿದೆ. ಸುತ್ತಿ ಬಳಸಿ ಹೇಳಲಿಲ್ಲ, "ಮನೆ ಖರ್ಚು ಮುಂದಿದೆ ಸಾರ್" ಎಂದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ನಾನೂ ಅವರಿಗೆ ನನಗೆ ತಿಳಿದ ಒಂದು ಮಾತು ಹೇಳಿದೆ, ಅದು ಇಂಥ ಕೋವಿ ಇರುವ ಎಲ್ಲ ಮನೆಗಳಿಗೂ ಉಪಯೋಗಕ್ಕೆ ಬರುವಂಥದ್ದು. 2016ರ ಆಯುಧ ನಿಯಮಗಳ ಪ್ರಕಾರ ಲೈಸೆನ್ಸ್‌ದಾರರಿಗೆ 70 ವರ್ಷ ತುಂಬಿದರೆ, ಇಲ್ಲವೇ ಆ ಬಂದೂಕು ಅವರ ಹತ್ತಿರ 25 ವರ್ಷ ಇದ್ದರೆ, ಬದುಕಿರುವಾಗಲೇ ವಾರಸುದಾರರ ಹೆಸರಿಗೆ ಮಾಡಿಸಲು ಅರ್ಜಿ ಹಾಕಬಹುದು. ಬೆಂಗಳೂರಿನ ಮಗನಿಗೆ ಬೇಡವಾದರೆ ಮಗಳನ್ನು ಕೇಳಿ ನೋಡಿ ಎಂದೆ. ಆ ಮನೆಯಲ್ಲಿ ತೋಟದ ಮೇಸ್ತ್ರಿಗೆ ದಿನದ ಕೆಲಸ ಹೇಳುವವಳು, ಲೆಕ್ಕದ ಪುಸ್ತಕ ಬರೆಯುವವಳು ಅವಳೇ. "ಅವಳನ್ನ ಯಾರೂ ಕೇಳೇ ಇಲ್ವಲ್ಲ" ಎಂದರು ಯಜಮಾನರು. ಮುಂದಿನ ವಾರ ಇಬ್ಬರೂ ಅರ್ಜಿಯ ನಮೂನೆ ಕೇಳಿಕೊಂಡು ಬರಲು ಹಾಸನಕ್ಕೆ ಹೋದರಂತೆ.